ಹೋಂಡಾ ಸಿಬಿ 77: ಒಂದು ಮೌಲ್ಯಮಾಪನ

ಹೋಂಡಾ ಕಂಪನಿ 1961ರಲ್ಲಿ ಹೊರತಂದ ಸಿಬಿ 77 ಎಂಬ ಅವಳಿ ಸಿಲಿಂಡರಿನ ಮೋಟಾರ್ ಸೈಕಲ್ಲನ್ನು ಅದರ ವೇಗದಿಂದಲೇ ಅಳೆಯುವುದು ರೂಢಿಯಾಗಿದೆ. 305 ಸಿಸಿಯ ಎಂಜಿನ್ನು ನಿಮಿಷಕ್ಕೆ 9,000 ಸುತ್ತುಗಳಲ್ಲಿ 28 ಅಶ್ವಶಕ್ತಿ ಕೊಡುತ್ತಿದ್ದುದು ಆ ಕಾಲಕ್ಕೆ ದೊಡ್ಡ ಮಾತೇ ಆದರೂ, ಈ ಗಾಡಿಯ ನಿಜವಾದ ಹೆಚ್ಚುಗಾರಿಕೆ ಇರುವುದು ಅದನ್ನು ಕಟ್ಟಿದ ಕ್ರಮದಲ್ಲಿ.

ಪಿಸ್ಟನ್ನುಗಳ ಏರಿಳಿತವನ್ನು ತಿರುಗುವ ಚಲನೆಯಾಗಿ ಮಾರ್ಪಡಿಸುವ ಕ್ರ್ಯಾಂಕ್ ದಂಡ ಕೂತಿರುವ ಪೆಟ್ಟಿಗೆಗೆ ಕ್ರ್ಯಾಂಕ್‌ಕೇಸ್ ಎನ್ನುತ್ತಾರೆ. ಅಂದಿನ ಬ್ರಿಟಿಷ್ ಅವಳಿ ಎಂಜಿನ್ನುಗಳಲ್ಲಿ ಇದು ಉದ್ದುದ್ದವಾಗಿ ಸೀಳಿದ ಎರಡು ಹೋಳುಗಳಾಗಿರುತ್ತಿದ್ದು, ಜೋಡಣೆಯ ಗೆರೆ ಎಣ್ಣೆ ಬಂದು ಸೇರುವ ತಳದಲ್ಲೇ ಹಾಯುತ್ತಿದ್ದುದರಿಂದ, ನಿಲ್ಲಿಸಿದಲ್ಲೆಲ್ಲ ಎಣ್ಣೆ ತೊಟ್ಟಿಕ್ಕುವುದನ್ನು ಸವಾರರು ಸಹಜವೆಂದೇ ಒಪ್ಪಿಕೊಂಡಿದ್ದರು. ಹೋಂಡಾದವರು ಪೆಟ್ಟಿಗೆಯನ್ನು ಅಡ್ಡಲಾಗಿ ಸೀಳಿ ಗೆರೆಯನ್ನು ತಳದಿಂದ ಮೇಲಕ್ಕೆ ತಂದರು. ಕವಾಟಗಳನ್ನು ತೆರೆಯುವ ಕ್ಯಾಮ್ ದಂಡವನ್ನು ಸಿಲಿಂಡರುಗಳ ನೆತ್ತಿಯ ಮೇಲಿಟ್ಟು, ಎರಡೂ ಸಿಲಿಂಡರುಗಳ ನಡುವೆ ಹಾಯುವ ಚೈನಿನಿಂದ ಅದನ್ನು ತಿರುಗಿಸಿದರು. ಗುಂಡಿ ಒತ್ತಿದರೆ ಚಾಲೂ ಆಗುವ ಸ್ಟಾರ್ಟರನ್ನೂ ಕೊಟ್ಟರು. ಒದೆಯುವ ಕಿಕ್ಕರ್ ಉಳಿಯಿತಾದರೂ ಅದು ಹಿಂದಕ್ಕಲ್ಲ, ಮುಂದಕ್ಕೆ ಚಲಿಸುತ್ತದೆ. ಮೊದಮೊದಲ ಗಾಡಿಗಳಲ್ಲಿ ಒಂದೇ ಡಬ್ಬಿಯೊಳಗಿನ ವೇಗದ ಮುಳ್ಳೂ ಸುತ್ತುಗಳ ಮುಳ್ಳೂ ಒಂದಕ್ಕೊಂದು ಎದುರುಬದುರಾಗಿ ತಿರುಗುತ್ತಿದ್ದುದು ನೋಡಲು ಚೆಂದ. ಓದಲು ಅಷ್ಟು ಸುಲಭವಲ್ಲ.

ದೋಷಗಳೂ ಈ ವಿನ್ಯಾಸದೊಳಗೇ ಇವೆ. ಶಕ್ತಿಯೆಲ್ಲ ಮೇಲಿನ ಸುತ್ತುಗಳಲ್ಲಿ ಸೇರಿಕೊಂಡಿರುವುದರಿಂದ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರು ಹತ್ತುವಾಗ ನಾಲ್ಕೇ ಗೇರುಗಳ ನಡುವೆ ಎಂಜಿನ್ನನ್ನು ಸತತವಾಗಿ ಕಿರುಚಿಸಬೇಕಾಗುತ್ತದೆ. ಎಣ್ಣೆಯ ಕಸವನ್ನು ತಿರುಗುವ ರಭಸದಿಂದಲೇ ಬೇರ್ಪಡಿಸಿ ಗೋಡೆಗೆ ಅಂಟಿಸುವ ಫಿಲ್ಟರನ್ನು ಆಗಾಗ ಬಿಚ್ಚಿ ತೊಳೆಯಬೇಕು. ಕಿಡಿಯ ಸಮಯವನ್ನು ನಿರ್ಧರಿಸುವ ಪಾಯಿಂಟುಗಳ ಸಂದನ್ನೂ, ಕ್ಯಾಮ್ ಚೈನಿನ ಬಿಗಿಯನ್ನೂ ಸರಿಪಡಿಸುತ್ತಿರಬೇಕು. ಈ ಗಾಡಿ ಎಣ್ಣೆಯ ಕಲೆಯನ್ನು ತಪ್ಪಿಸಿತೇ ಹೊರತು ಸ್ಪ್ಯಾನರಿನ ಕೆಲಸವನ್ನು ತಪ್ಪಿಸಲಿಲ್ಲ.

ಲೇಖಕ ರಾಬರ್ಟ್ ಪಿರ್ಸಿಗ್ 1968ರಲ್ಲಿ ಮಗನನ್ನು ಹಿಂದೆ ಕೂರಿಸಿಕೊಂಡು ಮಿನೆಸೋಟದಿಂದ ಕ್ಯಾಲಿಫೋರ್ನಿಯಾಕ್ಕೆ ಹೋದದ್ದು ಇದೇ ಮಾದರಿಯ ಗಾಡಿಯಲ್ಲಿ. ಆ ಪ್ರಯಾಣದಿಂದ ಹುಟ್ಟಿ 1974ರಲ್ಲಿ ಪ್ರಕಟವಾದ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ ಕೃತಿಯಲ್ಲಿ ನಿರೂಪಕ ತನ್ನ ಗಾಡಿಯ ಹೆಸರನ್ನೇ ಹೇಳುವುದಿಲ್ಲ, ಅದರ ದುರಸ್ತಿಯ ಬಗ್ಗೆ ಮಾತ್ರ ಪುಟಗಟ್ಟಲೆ ಚಿಂತಿಸುತ್ತಾನೆ. ತಾನಾಗಿ ಕೈಕೊಡದ, ಆದರೆ ಗಮನವನ್ನು ಬಿಡದೆ ಬೇಡುವ ಇಂಥ ಎಂಜಿನ್ನು ಆ ಚಿಂತನೆಗೆ ಒದಗಿದ್ದು ಆಕಸ್ಮಿಕವೆನ್ನಲಾಗದು. ಆ ಗಾಡಿ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.

ಇಬ್ಬರು ಕೂತು ನಿಧಾನವಾಗಿ ದೂರ ಸಾಗುವುದಕ್ಕೆ ಅಂದಿನ 500 ಸಿಸಿಯ ಬ್ರಿಟಿಷ್ ಗಾಡಿಯೇ ಮೇಲು. ಆದರೆ ಒಬ್ಬಂಟಿ ಸವಾರಿಗೆ, ಅದರಲ್ಲೂ ವಾರಕ್ಕೊಮ್ಮೆ ಕೂತು ಪಾಯಿಂಟು ನೋಡುವ ತಾಳ್ಮೆಯುಳ್ಳವರಿಗೆ, ಸಿಬಿ 77ಕ್ಕಿಂತ ಅಚ್ಚುಕಟ್ಟಾದ ಸಣ್ಣ ಗಾಡಿ ಆ ದಶಕದಲ್ಲಿ ಸಿಗುವುದು ಕಷ್ಟ.