ಯಾರ ಕೈಗೆ ಈ ರಿವಾಲ್ವರ್?

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ಪತ್ರ ಬರೆದಿದ್ದಾರೆ. ಅಪ್ಪನ ಕಾಲದ ಜೋಡಿ ನಳಿಗೆ ಕೋವಿ ಮನೆಯಲ್ಲಿದೆ. ಈಗ ಜೊತೆಗೊಂದು ಹ್ಯಾಂಡ್‌ಗನ್ ತೆಗೆದುಕೊಳ್ಳಬೇಕೆಂದಿದ್ದಾರೆ. ರಿವಾಲ್ವರೋ ಪಿಸ್ತೂಲೋ, ಯಾವ ಕಂಪನಿಯದು, ಸೊಂಟದಲ್ಲಿಟ್ಟು ಓಡಾಡಲು ಯಾವುದು ಹಗುರ ಎಂದೆಲ್ಲ ಕೇಳಿದ್ದಾರೆ. ಕೊನೆಯಲ್ಲಿ, ಹೋಗುತ್ತಾ ಹೋಗುತ್ತಾ ಎಂಬಂತೆ, ಇನ್ನೊಂದು ಸಾಲು: ವಾರದಲ್ಲಿ ಅರ್ಧ ದಿನಗಳನ್ನು ತಾವು ಬೆಂಗಳೂರಿನಲ್ಲಿ ಕಳೆಯುತ್ತಾರಂತೆ, ತೋಟದ ಮನೆಯಲ್ಲಿ ಹೆಂಡತಿ ಮತ್ತು ವಯಸ್ಸಾದ ತಾಯಿ ಇಬ್ಬರೇ.

ಇಡೀ ಪತ್ರದಲ್ಲಿ ನನಗೆ ಮುಖ್ಯವೆನಿಸಿದ್ದು ಆ ಸಾಲು. ನಮ್ಮ ಕಾನೂನಿನ ಪ್ರಕಾರ ಬಂದೂಕು ಮನೆಗೆ ಸೇರಿದ್ದಲ್ಲ, ಲೈಸೆನ್ಸ್‌ದಾರನಿಗೆ ಸೇರಿದ್ದು. 1959ರ ಶಸ್ತ್ರಾಸ್ತ್ರ ಕಾಯ್ದೆ ಇನ್ನೊಬ್ಬರ ಕೈಗೆ ಅದನ್ನು ಕೊಡಲು ಬಿಡುವುದು ಬಹಳ ಕಡಿಮೆ. ರಿಪೇರಿಗೋ ನವೀಕರಣಕ್ಕೋ ಒಯ್ಯಲು ಲಿಖಿತ ಒಪ್ಪಿಗೆ ಕೊಡಬಹುದು, ಹೆಚ್ಚುಕಡಿಮೆ ಅಷ್ಟೆ. ಯಜಮಾನರು ಬೆಂಗಳೂರಿಗೆ ಹೊರಟರೆ ರಿವಾಲ್ವರ್ ಬೀರುವಿನಲ್ಲಿ, ಬೀಗದ ಕೈ ಅವರ ಜೇಬಿನಲ್ಲಿ ಇರಬೇಕು. ಆಪತ್ತಿನಲ್ಲಿ ಹೆಂಡತಿ ಅದನ್ನು ಎತ್ತಿಕೊಂಡರೆ ನ್ಯಾಯಾಲಯ ಹೇಗೆ ನೋಡುತ್ತದೆ ಎನ್ನುವುದು ಬೇರೆ ಮಾತು. ಅದಕ್ಕಿಂತ ಮೊದಲು, ಎಂದೂ ಕೈಯಲ್ಲಿ ಹಿಡಿದು ಅಭ್ಯಾಸ ಮಾಡದವರು ಕತ್ತಲಲ್ಲಿ ಅದನ್ನು ಎತ್ತಿಕೊಳ್ಳುವುದೇ ಅಪಾಯ. ಹಾಗಾಗಿ ಕಂಪನಿ, ಮಾಡೆಲ್ಲಿಗಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಇದು: ಲೈಸೆನ್ಸ್ ಯಾರ ಹೆಸರಿನಲ್ಲಿ ಇರಬೇಕು? ಮನೆ ಕಾಯಲೆಂದೇ ಕೊಳ್ಳುವುದಾದರೆ ಮನೆಯಲ್ಲಿ ಇರುವವರ ಹೆಸರಿನಲ್ಲಿ. ಅವರೇ ಅರ್ಜಿ ಹಾಕಬೇಕು, ಅವರೇ ಸುರಕ್ಷತಾ ತರಬೇತಿ ಪಡೆಯಬೇಕು, ಕೋವಿಯನ್ನೂ ಅವರ ಕೈಯ ಅಳತೆಗೇ ಆರಿಸಬೇಕು. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಇರಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಅಪ್ಪನ ಜೋಡಿ ನಳಿಗೆಯದೂ ಈ ಲೆಕ್ಕಕ್ಕೆ ಬರುತ್ತದೆ ಎನ್ನುವುದನ್ನು ಪತ್ರ ಬರೆದವರು ಮರೆಯಬಾರದು.

ಇನ್ನು ಬೋರಿನ, ಅಂದರೆ ನಳಿಗೆಯ ಒಳ ಅಳತೆಯ, ಮಾತು. ಅಮೆರಿಕದ ವೀಡಿಯೊಗಳನ್ನು ನೋಡಿ 9 ಎಂ.ಎಂ. ಗ್ಲಾಕ್ ಬೇಕೆನ್ನುವವರು ನಮ್ಮಲ್ಲಿ ದಂಡಿಯಾಗಿದ್ದಾರೆ. ಅದು ನಮ್ಮ ಕಾಯ್ದೆಯಲ್ಲಿ ನಿಷೇಧಿತ ಬೋರು. ಸೇನೆ, ಪೊಲೀಸರ ತೋಟಾಗಳಾದ .380, .455, 9 ಎಂ.ಎಂ., .45 ಇವುಗಳನ್ನು ಹಾರಿಸಬಲ್ಲ ಪಿಸ್ತೂಲು, ರಿವಾಲ್ವರುಗಳು ಸಾಮಾನ್ಯ ಲೈಸೆನ್ಸ್‌ಗೆ ಸಿಗುವುದಿಲ್ಲ. 1980ರ ದಶಕದ ನಡುವಿನಿಂದ, ಹೆಸರಾಂತ ಶೂಟರ್‌ಗಳು ಮತ್ತು ಕೆಲವೇ ವಿಶೇಷ ಸಂದರ್ಭಗಳನ್ನು ಬಿಟ್ಟರೆ, ಖಾಸಗಿಯವರಿಗೆ ವಿದೇಶಿ ಬಂದೂಕು ತರಿಸುವ ದಾರಿಯೂ ಮುಚ್ಚಿದೆ. ಮುಖ್ಯವಾಗಿ ಉಳಿಯುವುದು .22 ಮತ್ತು .32. ಮನೆ ರಕ್ಷಣೆಗೆ ನಾನು .32ಕ್ಕೇ ಮತ ಹಾಕುತ್ತೇನೆ. .22ರ ಅಂಚು ಹೊಡೆತದ ತೋಟಾ ಕೈಕೊಡುವ ಸಂಭವ ಹೆಚ್ಚು, ಅದರ ಪೆಟ್ಟೂ ಚಿಕ್ಕದು.

‘.32’ ಎಂದು ಬಾಯಿಮಾತಿನಲ್ಲಿ ಹೇಳುವುದರಲ್ಲಿ ಎರಡು ಬೇರೆ ಬೇರೆ ತೋಟಾಗಳಿವೆ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ರಿವಾಲ್ವರಿನದು .32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್. 1896ರಷ್ಟು ಹಳೆಯದು, ಉದ್ದನೆಯದು, ಹಿಂಬದಿಯಲ್ಲಿ ಅಗಲ ಅಂಚಿನದು. ಪಿಸ್ತೂಲಿನದು ಜಾನ್ ಬ್ರೌನಿಂಗ್ 1899ರಲ್ಲಿ ರೂಪಿಸಿದ ಗಿಡ್ಡ ತೋಟಾ, ಯುರೋಪಿನಲ್ಲಿ 7.65 ಬ್ರೌನಿಂಗ್ ಎನ್ನುತ್ತಾರೆ. ಎರಡರ ಬುಡದಲ್ಲೂ ‘ಕೆ.ಎಫ್.’ ಎಂಬ ಖಡ್ಕಿ ಕಾರ್ಖಾನೆಯ ಮುದ್ರೆ ಕಾಣಬಹುದು. ಗಿಡ್ಡ ತೋಟಾ ಕೆಲವೊಮ್ಮೆ ರಿವಾಲ್ವರಿನ ಕೋಣೆಯಲ್ಲಿ ಕೂತೂಬಿಡುತ್ತದೆ. ಅದರ ಒತ್ತಡ ಹೆಚ್ಚು, ಹಳೆಯ ರಿವಾಲ್ವರಿಗೆ ಅದು ಸಲ್ಲದು. ‘ಕೂತಿತಲ್ಲ, ಹೊಡೆದರಾಯಿತು’ ಎನ್ನುವವರ ಮಾತನ್ನು ಕೇಳಲೇಬೇಡಿ.

ರಿವಾಲ್ವರೋ ಪಿಸ್ತೂಲೋ? ಪಿಸ್ತೂಲು ಚಪ್ಪಟೆ, ಅಂಗಿಯ ಕೆಳಗೆ ಎದ್ದು ಕಾಣುವುದಿಲ್ಲ, ತೋಟಾ ಒಂದೆರಡು ಹೆಚ್ಚು ಹಿಡಿಯುತ್ತದೆ. ನಮ್ಮ ಆರ್ಡ್‌ನನ್ಸ್ ಫ್ಯಾಕ್ಟರಿಯ ‘ಅಶನಿ’ ಈ ಜಾತಿಯದು. ಹಳೆಯ ವಾಲ್ಥರ್, ಬ್ರೌನಿಂಗ್, ಕೋಲ್ಟ್‌ಗಳೂ ಕೈಯಿಂದ ಕೈಗೆ ಭಾರೀ ಬೆಲೆಗೆ ಮಾರಾಟವಾಗುತ್ತವೆ. ಆದರೆ ಈ ಗಿಡ್ಡ ತೋಟಾದ ಬುಡದ ಅಂಚು ಕೂದಲೆಳೆಯಷ್ಟು ಹೊರಚಾಚಿದೆ. ಮ್ಯಾಗಜೀನ್ ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಎರಡೂ ಬೀಗ ಹಾಕಿದಂತೆ ನಿಲ್ಲುತ್ತವೆ, ಸ್ಲೈಡ್ ಎಷ್ಟು ಎಳೆದರೂ ಬಿಡುವುದಿಲ್ಲ. ಮ್ಯಾಗಜೀನ್ ತೆಗೆದು, ಸಣ್ಣ ಸ್ಕ್ರೂಡ್ರೈವರಿನಿಂದ ಬಿಡಿಸಬೇಕು. ಸ್ಲೈಡಿನ ಸ್ಪ್ರಿಂಗ್ ಕೂಡ ಗಟ್ಟಿ. ಬೆರಳಲ್ಲಿ ಕಸುವು ಕಡಿಮೆ ಇದ್ದವರಿಗೆ, ಕೀಲುನೋವು ಇದ್ದವರಿಗೆ ಅದನ್ನು ಹಿಂದೆಳೆಯುವುದೇ ಕಷ್ಟ. ತಿಂಗಳಿಗೊಮ್ಮೆಯೂ ಅಭ್ಯಾಸ ಸಿಗದ ಊರಿನಲ್ಲಿ, ಸೇಫ್ಟಿ, ಸ್ಲೈಡ್, ಮ್ಯಾಗಜೀನ್ ಎಂದು ಮೂರು ಕಡೆ ಗಮನ ಬೇಡುವ ಆಯುಧ ನನಗೆ ಒಪ್ಪಿಗೆಯಿಲ್ಲ. ತೋಟಾ ಕೈಕೊಟ್ಟರೂ ರಿವಾಲ್ವರಿನಲ್ಲಿ ಇನ್ನೊಮ್ಮೆ ಟ್ರಿಗರ್ ಎಳೆದರೆ ಮುಂದಿನ ಕೋಣೆ ತಾನಾಗಿ ತಿರುಗಿ ಬರುತ್ತದೆ. ಮನೆಯಲ್ಲಿಡಲು ರಿವಾಲ್ವರೇ ಸರಿ.

ರಿವಾಲ್ವರುಗಳಲ್ಲಿ ಈಗ ಆಯ್ಕೆ ಮೊದಲಿಗಿಂತ ಹೆಚ್ಚಿದೆ. ಕಾನ್ಪುರದ ಆರ್ಡ್‌ನನ್ಸ್ ಫ್ಯಾಕ್ಟರಿಯ ಹಳೆಯ .32 ಮಾರ್ಕ್ 3 ಬ್ರಿಟಿಷರ ವೆಬ್ಲಿಯ ವಂಶದ್ದು. ಹೆಬ್ಬೆರಳಿನಿಂದ ಚಿಲಕ ಒತ್ತಿದರೆ ನಳಿಗೆ ಮುಂದಕ್ಕೆ ಬಾಗಿ, ಆರೂ ಖಾಲಿ ಕವಚಗಳು ಒಟ್ಟಿಗೆ ಮೇಲೇಳುತ್ತವೆ. ಮೂರು ಅಂಗುಲದ ನಳಿಗೆ, ಸುಮಾರು 700 ಗ್ರಾಂ ತೂಕ. 2014ರ ಜನವರಿಯಲ್ಲಿ ಬಂದ ‘ನಿರ್ಭೀಕ್’ ಅದನ್ನೇ ಟೈಟಾನಿಯಂ ಮಿಶ್ರಲೋಹದಲ್ಲಿ ಸುಮಾರು 500 ಗ್ರಾಂಗೆ ಇಳಿಸಿತು. ಮಹಿಳೆಯರಿಗೆಂದೇ ಹೇಳಿ, 1.22 ಲಕ್ಷ ರೂಪಾಯಿಗೆ ಮಾರುಕಟ್ಟೆಗೆ ಬಿಟ್ಟರು. ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ ವೆಬ್ಲಿ ಅಂಡ್ ಸ್ಕಾಟ್ ಹೆಸರಿನಲ್ಲೇ .32 ರಿವಾಲ್ವರ್ ತಯಾರಾಗುತ್ತಿದೆ. 2021ರಲ್ಲಿ ಆರ್ಡ್‌ನನ್ಸ್ ಫ್ಯಾಕ್ಟರಿಗಳು ಏಳು ಕಂಪನಿಗಳಾಗಿ ಒಡೆದ ಮೇಲೆ ಕಾನ್ಪುರದವರು 2023ರಲ್ಲಿ ‘ಪ್ರಬಲ್’ ತಂದರು. ಇದರ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ, ಚೌಕಟ್ಟು ಇಡಿಯಾಗಿ ಗಟ್ಟಿಯಾಗಿರುತ್ತದೆ. ಕೀಲು ಸವೆದು ಸಡಿಲವಾಗುವ ಹಳೆಯ ರೋಗ ಇದಕ್ಕಿಲ್ಲ.

‘ಹಗುರ ಇದ್ದಷ್ಟೂ ಒಳ್ಳೆಯದು, ಅದರಲ್ಲೂ ಹೆಂಗಸರಿಗೆ’ ಎಂಬ ಮಾತನ್ನು ಅಂಗಡಿಯವರೂ ಹೇಳುತ್ತಾರೆ, ಗಂಡಂದಿರೂ ಹೇಳುತ್ತಾರೆ. ಇದನ್ನು ನಾನು ಪೂರ್ತಿ ವಿರೋಧಿಸುತ್ತೇನೆ. ನಮ್ಮ .32 ರಿವಾಲ್ವರುಗಳ ತೊಡಕು ತೂಕದಲ್ಲಿಲ್ಲ, ಟ್ರಿಗರಿನಲ್ಲಿದೆ. ಕುದುರೆ, ಅಂದರೆ ಹ್ಯಾಮರ್, ಎಬ್ಬಿಸದೆ ನೇರವಾಗಿ ಟ್ರಿಗರ್ ಎಳೆದರೆ ಬೆರಳು ಹಾಕಬೇಕಾದ ಬಲ ಆಯುಧದ ತೂಕದ ಹಲವು ಪಟ್ಟು. ಕೋವಿ ಹಗುರವಾದಷ್ಟೂ ಅದೇ ಬಲ ಅದರ ಮೂತಿಯನ್ನು ಹೆಚ್ಚು ಅಲ್ಲಾಡಿಸುತ್ತದೆ, ಸಿಡಿದಾಗ ಕೈಗೆ ಹೊಡೆತವೂ ಹೆಚ್ಚು. ಪರೀಕ್ಷೆ ಸರಳ. ಕೋವಿ ಖಾಲಿಯೆಂದು ಎರಡು ಸಲ ನೋಡಿ, ಡಮ್ಮಿ ತೋಟಾ ಹಾಕಿ, ಸುರಕ್ಷಿತ ಗೋಡೆಯ ಕಡೆ ತಿರುಗಿಸಿ ಹಿಡಿಯಿರಿ. ಇನ್ನೊಬ್ಬರು ನಳಿಗೆಯ ತುದಿಯಲ್ಲಿ, ಗುರಿಕಡ್ಡಿಯ ಹಿಂದೆ, ಒಂದು ರೂಪಾಯಿಯ ನಾಣ್ಯ ಇಡಲಿ. ಟ್ರಿಗರನ್ನು ನಿಧಾನ, ಒಂದೇ ಸಮ ಎಳೆದು ಕುದುರೆ ಬೀಳುವವರೆಗೆ ನಾಣ್ಯ ಉಳಿಯಬೇಕು. ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿಗೆ ಸಿಗದೆ ಬರೀ ತುದಿಯಿಂದ ಎಳೆಯಬೇಕಾಗಿ ಬಂದರೆ, ನಾಣ್ಯ ಎಡಕ್ಕೋ ಬಲಕ್ಕೋ ಜಾರಿ ಬೀಳುವುದು ಖಚಿತ. ಅಂಥ ಕೋವಿ ಆ ಕೈಗೆ ದೊಡ್ಡದು. ಹಿಡಿಯ ಹಲಗೆಗಳನ್ನು ತೆಳುಮಾಡಿಸಿ ನೋಡಬಹುದು. ಸ್ಪ್ರಿಂಗ್ ಕತ್ತರಿಸಿ ಟ್ರಿಗರ್ ಹಗುರ ಮಾಡಿಕೊಡುತ್ತೇವೆ ಎನ್ನುವ ಮೆಕ್ಯಾನಿಕ್ಕಿನ ಕೈಗೆ ಮಾತ್ರ ಕೊಡಬೇಡಿ. ಗಡಸು ಕ್ಯಾಪಿನ ತೋಟಾ ಇದ್ದರೆ ಬಲಗುಂದಿದ ಕುದುರೆ ಅದನ್ನು ಸಿಡಿಸುವುದೇ ಇಲ್ಲ. ನನ್ನ ತೀರ್ಮಾನ: ಹೆಂಡತಿಗಾದರೆ ನಿರ್ಭೀಕ್ ಬೇಡ, ಗಟ್ಟಿ ಉಕ್ಕಿನ 700 ಗ್ರಾಂ ಆಸುಪಾಸಿನದೇ ಇರಲಿ. ಪ್ರಬಲ್ ಸಿಕ್ಕರೆ ಮೊದಲು ಅದನ್ನು ಹಿಡಿದು ನೋಡಲಿ.

ಹಳೆಯದನ್ನು ಕೊಳ್ಳುವುದಾದರೆ ಕುದುರೆ ಎಬ್ಬಿಸಿ, ಸಿಲಿಂಡರನ್ನು ಬೆರಳಿನಿಂದ ಅಲುಗಾಡಿಸಿ ನೋಡಿ. ಕೋಣೆ ನಳಿಗೆಗೆ ನೇರ ನಿಲ್ಲದೆ ಕುಲುಕಿದರೆ ಗುಂಡು ಅಂಚಿಗೆ ಉಜ್ಜಿ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ವೆಬ್ಲಿ ಜಾತಿಯದಾದರೆ ಮುಚ್ಚಿದ ಮೇಲೆ ನಳಿಗೆ ಮತ್ತು ಚೌಕಟ್ಟು ಸೇರುವ ಕೀಲಿನಲ್ಲಿ ಆಟ ಇರಕೂಡದು. ತೆರೆಯುವಾಗ ಮೂತಿ ಮೇಲೆ ಮಾಡಿ ಚುರುಕಾಗಿ ತೆರೆಯುವ ಅಭ್ಯಾಸವಿರಲಿ. ಅಡ್ಡಡ್ಡ ತೆರೆದರೆ ಒಂದು ಕವಚ ಹೊರದಬ್ಬುವ ಚಕ್ರದ ಕೆಳಗೆ ಜಾರಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಅದು ಮುಚ್ಚುವುದೂ ಇಲ್ಲ, ತೆರೆಯುವುದೂ ಇಲ್ಲ.

ದಿನವೂ ಸೊಂಟದಲ್ಲಿಟ್ಟುಕೊಂಡು ಓಡಾಡುವ ಮಾತಿಗೆ ಬರೋಣ. 2016ರ ನಿಯಮಾವಳಿಯ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಹ್ಯಾಂಡ್‌ಗನ್ ಹೋಲ್‌ಸ್ಟರಿನಲ್ಲೋ ಅಂಥ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯಲ್ಲಿರಬೇಕು. ಬೀಸಿ ತೋರಿಸಿದರೆ ಲೈಸೆನ್ಸೇ ಹೋಗಬಹುದು. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಹಾರಿಸಿದರೆ 2019ರಿಂದ ಎರಡು ವರ್ಷದವರೆಗೆ ಜೈಲು. ಮೂಡಿಗೆರೆಯಿಂದ ಬೆಂಗಳೂರಿಗೆ ಬರುವ ಬೆಳೆಗಾರನನ್ನು ಬ್ಯಾಂಕ್, ಕೋರ್ಟು, ಮಾಲು, ವಿಧಾನಸೌಧ ಎಂದು ಹೋದಲ್ಲೆಲ್ಲ ಬಾಗಿಲಿನಲ್ಲೇ ತಡೆಯುತ್ತಾರೆ. ಆಗ ಕೋವಿ ಹೋಗುವುದು ಕಾರಿನ ಡ್ಯಾಶ್‌ಬೋರ್ಡಿಗೆ, ಕಳ್ಳನ ಕೈಗೆ ಸುಲಭವಾಗಿ ಸಿಗುವ ಜಾಗಕ್ಕೆ. ಕಾಫಿ ಮಾರಿದ ಹಣ ತರುವಂಥ, ನಿಜವಾದ ಬೆದರಿಕೆ ಇರುವಂಥ ದಿನಗಳನ್ನು ಬಿಟ್ಟರೆ ಅದನ್ನು ಮನೆಯಲ್ಲಿ ಬೀಗ ಹಾಕಿಡುವುದೇ ಸರಿ. ಲೈಸೆನ್ಸಿನ ವ್ಯಾಪ್ತಿ ಜಿಲ್ಲೆಗೋ ರಾಜ್ಯಕ್ಕೋ ಎಂಬುದನ್ನೂ ಹೊರಡುವ ಮೊದಲು ಓದಿಕೊಳ್ಳಿ.

ಮನೆಯೊಳಗೆ ಕೋವಿಗಿಂತ ಮೊದಲು ಬೇಕಾದ್ದು ಬೆಳಕು. ರಾತ್ರಿ ಹಜಾರದಲ್ಲಿ ಕಾಣುವ ನೆರಳು ನೀರು ಕುಡಿಯಲೆದ್ದ ಅತ್ತೆಯದೂ ಇರಬಹುದು. ಎಡಗೈಯಲ್ಲಿ ಟಾರ್ಚು, ಮುಖ ಗುರುತಾಗುವವರೆಗೆ ಬೆರಳು ಟ್ರಿಗರಿನ ಹೊರಗೆ. ತಾಮ್ರದ ಹೊದಿಕೆಯ ಗುಂಡು ಪ್ಲೈವುಡ್ ಬಾಗಿಲನ್ನು ದಾಟಿ ಪಕ್ಕದ ಕೋಣೆಯ ಮಂಚದವರೆಗೆ ಹೋಗುತ್ತದೆ, ಕಲ್ಲು ಕಾಂಕ್ರೀಟಿಗೆ ಬಡಿದರೆ ಹಿಂದಿರುಗಿ ಬರುತ್ತದೆ. ಯಾವ ದಿಕ್ಕಿಗೆ ಹಾರಿಸಬಹುದು, ಯಾವ ದಿಕ್ಕಿಗೆ ಎಂದೂ ಹಾರಿಸಬಾರದು ಎಂಬುದನ್ನು ಹಗಲಿನಲ್ಲೇ ಮನೆಯೊಳಗೆ ಓಡಾಡಿ ಗೊತ್ತುಮಾಡಿಕೊಳ್ಳಬೇಕು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂದೂ ಹೇಳುತ್ತವೆ. ಮೆಣಸಿನ ಮೂಟೆ ಹೊತ್ತು ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಆ ಹಕ್ಕು ನಿಮ್ಮ ಕೈ ಹಿಡಿಯುತ್ತದೆಂದು ನಂಬಬೇಡಿ.

ಮಲೆನಾಡಿನವರಿಗೆ ಇನ್ನೊಂದು ಮಾತು. ನಿಮ್ಮ ಕೋವಿಯ ದೊಡ್ಡ ಶತ್ರು ಮಳೆಗಾಲ. ಚರ್ಮದ ಹೋಲ್‌ಸ್ಟರಿನಲ್ಲಿಟ್ಟು ಬೀರುವಿಗೆ ಹಾಕಿದರೆ ಆಷಾಢ ಕಳೆಯುವುದರೊಳಗೆ ಚರ್ಮ ತಾಕಿದ ಕಡೆಯೆಲ್ಲ ತುಕ್ಕಿನ ಚುಕ್ಕಿ. ಚರ್ಮ ಹದ ಮಾಡಿದ ಲವಣ ತೇವ ಹೀರುತ್ತದೆ. ತೋಟಾಗಳನ್ನು ಚರ್ಮದ ಪಟ್ಟಿಯಲ್ಲಿ ಬಿಟ್ಟರೆ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಟ್ಟಿ ಕೋಣೆಗೆ ಸೇರುವುದೇ ಇಲ್ಲ. ಕೋವಿಗೆ ತೆಳುವಾಗಿ ಎಣ್ಣೆ ಸವರಿ, ಸಿಲಿಕಾ ಜೆಲ್ ಜೊತೆ ಉಕ್ಕಿನ ಪೆಟ್ಟಿಗೆಯಲ್ಲಿ ಬರಿದಾಗಿ ಇಡಿ. ತೋಟಾಗಳಿಗೆ ಎಣ್ಣೆ ಮುಟ್ಟಿಸಬೇಡಿ, ಕ್ಯಾಪಿನೊಳಗೆ ಇಳಿದರೆ ಅದು ಸತ್ತಂತೆಯೇ. ಆಯುಧಪೂಜೆಗೆ ಖಾಲಿ ಮಾಡಿಯೇ ಇಡಿ. ಅರಿಸಿನ, ಕುಂಕುಮ, ನಿಂಬೆರಸವನ್ನು ಅಂದು ಸಂಜೆಯೇ ಒರೆಸಿ. ಅವು ಒಂದೇ ರಾತ್ರಿಯಲ್ಲಿ ಕಪ್ಪು ಲೇಪವನ್ನು ತಿನ್ನುತ್ತವೆ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲೋ ಅಂಗಡಿಯಲ್ಲೋ ಒಪ್ಪಿಸಬೇಕಾಗುತ್ತದೆ. ವಾರಗಟ್ಟಲೆ ಅಲ್ಲೇ ಇರುವುದರಿಂದ ಎಣ್ಣೆ ಬಟ್ಟೆ ಸುತ್ತಿಯೇ ಕೊಡಿ, ರಸೀದಿಯಲ್ಲಿ ನಂಬರ್ ಸರಿಯಿದೆಯೇ ನೋಡಿ. ಆ ವಾರಗಳಲ್ಲಿ ಮನೆ ಕಾಯುವುದು ನಾಯಿ, ಬಾಗಿಲಿನ ಅಗುಳಿ, ಅಂಗಳದ ದೀಪ. ಕೋವಿ ಕೊಳ್ಳುವ ಮೊದಲೇ ಇವು ಮೂರೂ ಸರಿಯಿರಬೇಕು.

ಪತ್ರ ಬರೆದವರಿಗೆ ನನ್ನ ಸಲಹೆ: ಮುಂಗಡ ಕೊಟ್ಟಿದ್ದರೆ ತಡೆಹಿಡಿಯಿರಿ. ಜಿಲ್ಲಾಧಿಕಾರಿ ಕಚೇರಿಯಲ್ಲಿ ನಿಮ್ಮ ಪತ್ನಿಯ ಹೆಸರಿನಲ್ಲಿ ಅರ್ಜಿ ಹಾಕುವ ಮಾತನ್ನು ಮೊದಲು ಅವರ ಜೊತೆ ಆಡಿ. ಅವರಿಗೆ ಬೇಡವೆನಿಸಿದರೆ ಅಲ್ಲಿಗೆ ಬಿಡಿ, ಬಲವಂತದಿಂದ ಹಿಡಿಸುವ ವಸ್ತುವಲ್ಲ ಇದು. ಒಪ್ಪಿದರೆ ಲೈಸೆನ್ಸ್ ಬಂದ ಮೇಲೆ ಅಂಗಡಿಗೆ ಅವರೇ ಹೋಗಲಿ. ಪ್ರಬಲ್, ಮಾರ್ಕ್ 3, ಸಂಡೀಲಾದ ವೆಬ್ಲಿ ಮೂರನ್ನೂ ಮೇಜಿನ ಮೇಲೆ ಇಡಿಸಿ, ಒಂದೊಂದನ್ನೂ ಹಿಡಿದು, ಜೇಬಿನಿಂದ ಆ ರೂಪಾಯಿ ನಾಣ್ಯ ತೆಗೆಯಲಿ. ನೀವು ಪಕ್ಕದಲ್ಲಿ ನಿಂತು ಬಿಲ್ಲು, ತೋಟಾದ ಲೆಕ್ಕ, ಲೈಸೆನ್ಸ್ ಪುಸ್ತಕದಲ್ಲಿನ ನಮೂದು ನೋಡಿಕೊಳ್ಳಿ.