ಮಾಲ್ಗುಡಿಗೆ ಒದಗಿದ ನಮ್ಮ ಮಲೆನಾಡು

ಆರ್.ಕೆ. ನಾರಾಯಣ್ ಅವರ ಕಥೆಗಳ ಊರು ಮಾಲ್ಗುಡಿ ಭೂಪಟದಲ್ಲಿಲ್ಲ. ಆದರೆ ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆಗೆ ಹೋದರೆ ಅದನ್ನು ಕಣ್ಣಾರೆ ಕಾಣಬಹುದು. 1986ರಲ್ಲಿ ದೂರದರ್ಶನದಲ್ಲಿ ಬಂದ 'ಮಾಲ್ಗುಡಿ ಡೇಸ್' ಧಾರಾವಾಹಿಗೆ ನಿರ್ದೇಶಕ ಶಂಕರ್ ನಾಗ್ ಆರಿಸಿಕೊಂಡದ್ದು ಈ ಮಳೆಯೂರನ್ನೇ.

ಧಾರಾವಾಹಿಯ ಬಾಲಕ ಸ್ವಾಮಿಯ ಮನೆಯಾದದ್ದು ಇಲ್ಲಿನ ದೊಡ್ಡಮನೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಜಗಲಿ, ನಯವಾದ ಮರದ ಕಂಬಗಳು, ಇಳಿಜಾರಿನ ಹಂಚಿನ ಮಾಡು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್ ಓಡಾಡಿದ, ತಂದೆಯ ಪಾತ್ರದಲ್ಲಿ ಗಿರೀಶ್ ಕಾರ್ನಾಡ್ ಗದರಿದ ಜಾಗವಿದು. ಇಲ್ಲಿ ನಿಂತರೆ ಇದು ಸೆಟ್ ಅಲ್ಲ, ಬದುಕಿ ಬಾಳಿದ ಮನೆ ಎಂಬುದು ಮನದಟ್ಟಾಗುತ್ತದೆ. ಧಾರಾವಾಹಿಯ ಸಹಜತೆಯ ಗುಟ್ಟೂ ಅದೇ. ಕಲಾ ನಿರ್ದೇಶಕ ಜಾನ್ ದೇವರಾಜ್ ಊರಿನ ಚಹರೆಯನ್ನು ಅಳಿಸದೆ ಮಾಲ್ಗುಡಿಯನ್ನು ಕಟ್ಟಿದರು.

ಮಾಲ್ಗುಡಿಯ ರೈಲು ನಿಲ್ದಾಣಕ್ಕೆ ಒದಗಿದ್ದು ಶಿವಮೊಗ್ಗ–ಸಾಗರ ಹಳಿಯ ಮೇಲಿನ ಅರಸಾಳು. ಅಲ್ಲಿನ ಹಳೆಯ ಕಟ್ಟಡವನ್ನು ಕೆಡವದೆ, ದುರಸ್ತಿ ಮಾಡಿ, 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಗಿಸಿದ ರೈಲ್ವೆ ಇಲಾಖೆಯ ಕೆಲಸ ಮೆಚ್ಚುವಂಥದ್ದು.

ಜೋಗಕ್ಕೆ ಹೊರಟವರು ಅರಸಾಳಿನಲ್ಲಿ ಸ್ವಲ್ಪ ಹೊತ್ತು ಇಳಿಯಿರಿ, ಮಕ್ಕಳನ್ನೂ ಕರೆದೊಯ್ಯಿರಿ.