ಬೇಟೆಯ ದುರ್ಬೀನು, ಬೇಲೂರಿನ ಸೂರು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಗೆಂದು ದುರ್ಬೀನು ಕೊಳ್ಳುವ ಮಾತು ನಮ್ಮಲ್ಲಿ ಉಳಿದಿಲ್ಲ. ಹಾಸನ ಸೀಮೆಯಲ್ಲಿ ಕಣ್ತುಂಬ ನೋಡಬಹುದಾದ ಬೇಟೆ ಈಗ ಕಲ್ಲಿನದು: ಹುಲಿಗೆ ಎದುರಾಗಿ ನಿಂತ ಸಳ, ಬೇಲೂರಿನ ಗುಡಿಯ ಸೂರಿನಡಿ ಬಿಲ್ಲು ಹಿಡಿದ ಬೇಟೆಗಾತಿ ಮದನಿಕೆ, ಇನ್ನೊಬ್ಬ ಮದನಿಕೆಯ ತಲೆಮೇಲಿನ ಬಳ್ಳಿಚಪ್ಪರದಲ್ಲಿ ಹಣ್ಣಿನ ಮೇಲಿನ ನೊಣಕ್ಕೆ ಹೊಂಚುಹಾಕಿದ ಹಲ್ಲಿ. ಈ ಹಲ್ಲಿಯನ್ನು ಬರಿಗಣ್ಣಲ್ಲೇ ಕಂಡೆವೆನ್ನುವವರು ಬಹುಪಾಲು ಗೈಡಿನ ಬೆರಳನ್ನಷ್ಟೇ ಕಂಡಿರುತ್ತಾರೆ.

ಆದ್ದರಿಂದ ಬೇಲೂರಿಗೆ ದುರ್ಬೀನು ಬೇಕು. ಆದರೆ ಅಂಗಡಿಯಲ್ಲಿ ಮಾರಾಟವಾಗುವುದು ದುರ್ಬೀನಲ್ಲ, ಅದರ ಮೇಲಿನ ಅಂಕಿ. 20×50 ಎಂದು ಬರೆದದ್ದು 8×42ಕ್ಕಿಂತ ಮೇಲು ಎಂದು ಗಿರಾಕಿ ತಾನೇ ತೀರ್ಮಾನಿಸಿಬಿಡುತ್ತಾನೆ. ಇಪ್ಪತ್ತು ಪಟ್ಟು ಹಿಗ್ಗುವುದು ಶಿಲ್ಪವೊಂದೇ ಅಲ್ಲ, ಕೈಯ ನಡುಕವೂ ಅಷ್ಟೇ ಹಿಗ್ಗುತ್ತದೆ. ಮದನಿಕೆ ಕುಣಿಯುತ್ತಾಳೆ ನಿಜ, ಅದು ಶಿಲ್ಪಿ ಬಯಸಿದ ಕುಣಿತವಲ್ಲ.

ಮುಸ್ಸಂಜೆಯಲ್ಲಿ ಕಾಡುಹಂದಿಗೆ ಕಾಯುವ ಜರ್ಮನಿಯ ಬೇಟೆಗಾರರು ನೆಚ್ಚಿಕೊಂಡದ್ದು 8×56ನ್ನು. ಮುಂದಿನ ಮಸೂರದ ಅಗಲವನ್ನು ಹಿಗ್ಗುವ ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂತೆಯ ಅಗಲ ಸಿಗುತ್ತದೆ. ಇಲ್ಲಿ ಅದು 7 ಮಿ.ಮೀ., ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ ಅರಳುವಷ್ಟು. 20×50ರಲ್ಲಿ ಬರೇ 2.5. ತಯಾರಕರು ‘ಮುಸ್ಸಂಜೆ ಗುಣಾಂಕ’ವೆಂದು ಇನ್ನೊಂದು ಲೆಕ್ಕ ಕೊಡುತ್ತಾರೆ: ಎರಡೂ ಅಂಕಿಗಳನ್ನು ಗುಣಿಸಿ ವರ್ಗಮೂಲ ತೆಗೆಯುವುದು. ಅದರ ಪ್ರಕಾರ ಅಂಗೈಯಗಲದ 20×25ಕ್ಕೆ 22.4, ಬೇಟೆಗಾರರ 8×56ಕ್ಕೆ 21.2! ಇಂಥ ಲೆಕ್ಕವನ್ನು ನಂಬಿ ಕೊಂಡವನು ಕತ್ತಲಲ್ಲೇ ಉಳಿಯುತ್ತಾನೆ.

ಬೇಲೂರಿನ ನವರಂಗದಲ್ಲಿ ಈ ಮಾತು ಪರೀಕ್ಷೆಗೆ ಬೀಳುತ್ತದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದಾಗ ತೆರೆದಿದ್ದ ಮಂಟಪಕ್ಕೆ ಆಮೇಲೆ ಎರಡನೆಯ ಬಲ್ಲಾಳನ ಕಾಲದಲ್ಲಿ ಜಾಲಂಧ್ರಗಳು ಬಂದವು. ಒಳಗಿನ ನಾಲ್ಕು ಮದನಿಕೆಯರೂ ನಡುವಿನ ಚಾವಣಿಯಾದ ಭುವನೇಶ್ವರಿಯೂ ಮಬ್ಬುಗತ್ತಲಿಗೆ ಸೇರಿದರು. ಇಲ್ಲಿ 5 ಮಿ.ಮೀ.ಗಿಂತ ಕಡಿಮೆ ಕಂತೆಯ ದುರ್ಬೀನು ದಂಡ. ಹೊರಗೆ ಕತೆಯೇ ಬೇರೆ. ನಡುಹಗಲಲ್ಲಿ ಪಾಪೆ ಎರಡು ಮೂರು ಮಿ.ಮೀ.ಗೆ ಕುಗ್ಗಿರುತ್ತದೆ, ಅಗಲದ ಮಸೂರ ಕೊರಳಿಗೆ ಭಾರವಷ್ಟೇ. ಅಲ್ಲಿನ ತೊಡಕು ಹಿನ್ನೆಲೆಯ ಆಕಾಶ: ಸೂರಿನ ನೆರಳಲ್ಲಿ ಕಪ್ಪು ಬಳಪದ ಕಲ್ಲು, ಅದರಾಚೆ ಕಣ್ಣು ಕುಕ್ಕುವ ಬಿಳುಪು. ಅಗ್ಗದ ಗಾಜಿನಲ್ಲಿ ಮದನಿಕೆಯ ಭುಜದಂಚಿಗೆ ನೇರಳೆ ಗೆರೆ ಅಂಟುತ್ತದೆ, ಇಡೀ ಚಿತ್ರದ ಮೇಲೆ ಹಾಲುಬಿಳಿ ತೆರೆ ಬೀಳುತ್ತದೆ. ಎಲ್ಲ ಮಸೂರಗಳಿಗೂ ಪದರ ಪದರವಾಗಿ ಲೇಪನ ಕೊಟ್ಟ ದುರ್ಬೀನಿಗೆ ಹೆಚ್ಚು ದುಡ್ಡು ಸುರಿಯುವುದು ಈ ತೆರೆಯನ್ನು ತಗ್ಗಿಸಲಿಕ್ಕೇ, ಸುರಿದದ್ದು ವ್ಯರ್ಥವೂ ಅಲ್ಲ. ಪೀಠದ ಮೇಲೆ ಶಿಲ್ಪಿ ಕೊರೆದ ಹೆಸರಿನ ಅಕ್ಷರಗಳು ಬಿಡಿಸಿಕೊಂಡು ಕಂಡಾಗ ಆ ದುಡ್ಡು ತೀರಿದಂತೆ.

ಒಳಗೂ ಹೊರಗೂ ಒಂದೇ ಸಾಕೆನ್ನುವವರಿಗೆ 8×42 ಎನ್ನುವುದು ನನ್ನ ಆಯ್ಕೆ. ಹೊರಗಿನ ನೋಟಕ್ಕಷ್ಟೇ 10×42 ಕೊಳ್ಳುವವರೊಂದಿಗೆ ಜಗಳವಿಲ್ಲ. ಕಂಬಕ್ಕೆ ಒರಗಿ ನಿಲ್ಲುವ ತಾಳ್ಮೆ ಅವರಿಗಿರಲಿ. ಆದರೆ ಹತ್ತಿರದ ವಸ್ತುವಿಗೆ ಫೋಕಸ್ ಆಗುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು. ದೂರದ ಗುಡ್ಡಕ್ಕೆಂದು ಮಾಡಿದ ಎಷ್ಟೋ ಹಳೆ ಮಾದರಿಗಳು ಐದಾರು ಮೀಟರಿನೊಳಗೆ ಏನನ್ನೂ ಸ್ಪಷ್ಟ ತೋರಿಸವು. ಜಗತಿಯ ಮೇಲೆ ನಿಂತವರಿಗೆ ಮದನಿಕೆ ಅಷ್ಟು ದೂರವೂ ಇರುವುದಿಲ್ಲ. ಕನ್ನಡಕದವರು ಕಣ್ಣು ಸುಮಾರು 16 ಮಿ.ಮೀ. ಹಿಂದಿದ್ದರೂ ಪೂರ್ತಿ ವೃತ್ತ ಕಾಣುವ ಮಾದರಿಯನ್ನೇ ಕೇಳಲಿ.

ಅರಸೀಕೆರೆಯ ಈಶ್ವರ ಗುಡಿಯಲ್ಲಿ ನಕ್ಷತ್ರಾಕಾರದ ಮುಖಮಂಟಪ ತೆರೆದೇ ಇದೆ, ಬೆಳಕಿಗೆ ಬರವಿಲ್ಲ, ನೋಯುವುದು ಕತ್ತು. ಅಲ್ಲಿ ಗೆಲ್ಲುವುದು ಹಗುರವಾದ 8×32. ಹಳೇಬೀಡಿನಲ್ಲಿ ಆನೆ, ಸಿಂಹ, ಕುದುರೆಗಳ ಸಾಲುಗಳು ಕಾಲ ಬುಡದಿಂದಲೇ ಶುರುವಾಗುತ್ತವೆ. ಅಲ್ಲಿ ದುರ್ಬೀನು ಹಿಡಿದವರು ಒಂದೊಂದು ತುಣುಕನ್ನು ಬೇಟೆಯಾಡುತ್ತಾ ಗೋಡೆಯ ಮಡಿಕೆಗಳ ಓಟವನ್ನೇ ತಪ್ಪಿಸಿಕೊಳ್ಳುತ್ತಾರೆ; ದುರ್ಬೀನನ್ನು ಚೀಲದಲ್ಲಿಟ್ಟು ಒಂದು ಸುತ್ತು ಬಂದು, ಮೇಲಿನ ದೇವತೆಗಳ ಆಭರಣ ನೋಡಬೇಕೆನಿಸಿದಾಗ ತೆಗೆದರೆ ಆಯಿತು.